ಸೆಲಿನುಂಟೆಯಲ್ಲಿ ಮೂರು ಸುತ್ತು

ನೆದರ್‌ಲ್ಯಾಂಡಿನ ವೂರ್‌ಬರ್ಗ್‌ನ ನಮ್ಮ ಮನೆಯಲ್ಲಿ ಮುಂಬಾಗಿಲು ತೆರೆದರೆ ಮೊದಲು ಎದುರಾಗುವುದು ಏಣಿಯೋ ಮೆಟ್ಟಿಲೋ ಎಂದು ಖಚಿತವಾಗಿ ಹೇಳಲಾಗದಷ್ಟು ಕಡಿದಾದ ಮೆಟ್ಟಿಲ ಸಾಲು. ಅದರ ಬುಡದಲ್ಲಿ ಚಪ್ಪಲಿಗೂಡು. ಆ ಗೂಡಿನ ಕೊನೆಯ ಹಲಗೆಯ ಮೇಲೆ, ನನ್ನ ಮಳೆಯ ಬೂಟಿಗೂ ಮಗಳ ಆಟದ ಶೂಗಳಿಗೂ ನಡುವೆ, ಒಂದು ಜೊತೆ ಕಂದು ಬಣ್ಣದ ತೊಗಲಿನ ಚಪ್ಪಲಿ ಎರಡು ವರ್ಷದಿಂದ ಅಲುಗದೆ ಕುಳಿತಿದೆ. ಉಡುಪಿಯಲ್ಲಿ ಕೊಂಡದ್ದು, ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಪಟ್ಟಿ ಹಾಯುವ ಸಾದಾ ಚಪ್ಪಲಿ. ಮನೆಯಲ್ಲಿ ಯಾರ ಕಾಲಿಗೂ ಅದು ಹಿಡಿಸುವುದಿಲ್ಲ. ವರ್ಷಕ್ಕೆರಡು ಸಲ ಗೂಡನ್ನು ಒಪ್ಪ ಮಾಡುವಾಗ ನನ್ನ ಹೆಂಡತಿ ವೀಣಾ ಅದನ್ನು ಕೈಗೆತ್ತಿಕೊಳ್ಳುತ್ತಾಳೆ, ನನ್ನ ಮುಖ ನೋಡುತ್ತಾಳೆ, ಧೂಳು ಒರೆಸಿ ಮತ್ತೆ ಅಲ್ಲೇ ಇಡುತ್ತಾಳೆ.

ಓದುಗ ಮಿತ್ರರೇ, ಈ ಚಪ್ಪಲಿಯ ಕಥೆ ಹೇಳುವ ಮುನ್ನ ನನ್ನ ಹೊಟ್ಟೆಪಾಡಿನ ಕಥೆಯನ್ನೂ ಒಂದಿಷ್ಟು ಹೇಳಬೇಕು. ನಾನು ಮೈಸೂರಿನವನು, ಇಲ್ಲಿ ಪೇಟೆಂಟ್ ಅರ್ಜಿಗಳನ್ನು ಪರಿಶೀಲಿಸುವ ಕೆಲಸ. ಲೋಕದ ಯಾವುದೋ ಮೂಲೆಯಲ್ಲಿ ಯಾರೋ ಒಬ್ಬ ಮಹಾಶಯ ತಾನು ಹೊಸದೊಂದು ಬಗೆಯ ಬಾಟಲಿ ಮುಚ್ಚಳ ಕಂಡುಹಿಡಿದೆನೆಂದು ನಂಬಿ ನಲವತ್ತು ಪುಟ ಬರೆದು ಕಳಿಸುತ್ತಾನೆ; ನಾನು ಹಳೆಯ ದಾಖಲೆಗಳ ರಾಶಿಯನ್ನೆಲ್ಲ ಜಾಲಾಡಿ, ಇಂಥದೇ ಮುಚ್ಚಳ ಇನ್ನೆಲ್ಲೋ ಇನ್ಯಾರಿಗೋ ಆಗಲೇ ಹೊಳೆದಿತ್ತು ಎಂಬುದನ್ನು ಪತ್ತೆಹಚ್ಚಿ, ‘ಹೊಸದೇನೂ ಇಲ್ಲ’ ಎಂಬರ್ಥದ ವಾಕ್ಯವನ್ನು ಆದಷ್ಟು ವಿನಯದಿಂದ ಬರೆದು ಕಳಿಸುತ್ತೇನೆ. ಇಪ್ಪತ್ತು ವರ್ಷ ಇದನ್ನೇ ಮಾಡಿದವನಿಗೆ ಎರಡು ಗುಣ ಅಂಟಿಕೊಳ್ಳುತ್ತವೆ: ಒಂದು, ಎಲ್ಲವನ್ನೂ ಸೂಕ್ಷ್ಮವಾಗಿ ನೋಡುವ ಅಭ್ಯಾಸ, ಇನ್ನೊಂದು, ನೋಡುವ ಕೆಲಸ ಕಚೇರಿಯಲ್ಲೇ ಮುಗಿಯಿತೆಂದು ಮನೆಯಲ್ಲಿ ಏನನ್ನೂ ನೋಡದಿರುವ ಅಭ್ಯಾಸ. ಈ ಎರಡನೆಯದರಿಂದ ಆದ ಅನಾಹುತವನ್ನೇ ಈಗ ಹೇಳಹೊರಟಿರುವುದು.

ಚಪ್ಪಲಿ ನನ್ನ ಅತ್ತೆಯದು. ಹೆಸರು ಸುಮತಿ. ಕರಾವಳಿಯ ಒಂದು ತಾಲ್ಲೂಕು ಸರ್ಕಾರಿ ಆಸ್ಪತ್ರೆಯಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ನರ್ಸ್ ಆಗಿದ್ದು ನಿವೃತ್ತರಾದವರು. ಮಾವ ತೀರಿಕೊಂಡ ಮೇಲೆ ಉಡುಪಿಯ ಒಂದು ಫ್ಲ್ಯಾಟಿನಲ್ಲಿ ತಂಗಿ ಶಾರದಕ್ಕನ ಜೊತೆ ಇದ್ದಾರೆ. ಇಬ್ಬರೂ ಬೆಳಗಿಂದ ಸಂಜೆಯವರೆಗೆ ತುಳುವಿನಲ್ಲಿ ಜಗಳವಾಡುತ್ತ ಬಹಳ ಸುಖವಾಗಿದ್ದಾರೆ. ಅತ್ತೆಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಅದನ್ನವರು ತಮ್ಮ ರೋಗ ಎಂದು ಹೇಳಿದ್ದನ್ನು ನಾನು ಕೇಳಿಲ್ಲ. ವಾರ್ಡಿನ ಯಾವುದೋ ರೋಗಿಯ ವರದಿ ಒಪ್ಪಿಸುವ ಹಾಗೆ ‘ಪಾದದಲ್ಲಿ ಸ್ಪರ್ಶ ಕಮ್ಮಿ ಉಂಟು, ಬಾಕಿ ಎಲ್ಲ ಸರಿ’ ಎಂದು ಹೇಳುತ್ತಾರೆ.

ಮದುವೆಯಾಗಿ ಹದಿನಾರು ವರ್ಷವಾದರೂ ನನಗೂ ಅವರಿಗೂ ಇದ್ದ ಸಂಬಂಧ ಸರ್ಕಾರಿ ಪತ್ರವ್ಯವಹಾರದಷ್ಟು ಸೌಜನ್ಯದ್ದು. ನಾನು ಕೋಣೆಗೆ ಬಂದರೆ ಅವರು ಕುಳಿತಲ್ಲೇ ಸೆರಗು ಸರಿಮಾಡಿಕೊಂಡು ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಳ್ಳುವರು. ಅಳಿಯನ ಎದುರು ಕಾಲು ಚಾಚುವುದು ಅವರ ಮಟ್ಟಿಗೆ ಊಹಿಸಲಾರದ ಸಂಗತಿ. ನಾನೂ ಅಷ್ಟೆ, ಅವರು ‘ಇನ್ನೊಂದು ದೋಸೆ?’ ಎಂದರೆ ಹೊಟ್ಟೆ ಬಿರಿಯುತ್ತಿದ್ದರೂ ಬೇಡವೆಂದವನಲ್ಲ, ‘ಉಪ್ಪು ಸರಿ ಉಂಟಾ?’ ಎಂದು ಕೇಳಿದರೆ ಉಪ್ಪೇ ಇಲ್ಲದ ಪಲ್ಯಕ್ಕೂ ತಲೆಯಾಡಿಸಿದವನು. ಇದಕ್ಕೆ ನಮ್ಮಲ್ಲಿ ದಾಕ್ಷಿಣ್ಯ ಎಂಬ ಸೊಗಸಾದ ಹೆಸರಿದೆ. ಡಚ್ಚರಿಗೆ ಈ ಗುಣವನ್ನು ವಿವರಿಸಲು ನಾನು ಒಂದೆರಡು ಸಲ ಪ್ರಯತ್ನಿಸಿ ಸೋತಿದ್ದೇನೆ. ಉಪ್ಪಿಲ್ಲದಿದ್ದರೆ ಉಪ್ಪಿಲ್ಲ ಎಂದರಾಯಿತಲ್ಲ ಎಂದು ಅವರು ನನ್ನನ್ನೇ ಪಿಳಿಪಿಳಿ ನೋಡುತ್ತಾರೆ.

ಎರಡು ವರ್ಷದ ಹಿಂದೆ, ವಸಂತದಲ್ಲಿ, ಅತ್ತೆ ಮೂರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಮಗಳು ಅನಘಾಳಿಗೆ ಆಗ ಹದಿನಾಲ್ಕು. ಇಲ್ಲಿ ಒಂದು ಬಗೆಯ ಹೈಸ್ಕೂಲಿದೆ. ಅದರಲ್ಲಿ ಮಕ್ಕಳು ಗಣಿತ, ವಿಜ್ಞಾನದ ಜೊತೆಗೆ ಲ್ಯಾಟಿನ್ನನ್ನೂ ಪ್ರಾಚೀನ ಗ್ರೀಕನ್ನೂ ಕಡ್ಡಾಯವಾಗಿ ಕಲಿಯಬೇಕು. ಮನೆಯಲ್ಲಿ ಕನ್ನಡಕ್ಕೆ ಇಂಗ್ಲಿಷಿನಲ್ಲೂ ತುಳುವಿಗೆ ಡಚ್ಚಿನಲ್ಲೂ ಉತ್ತರ ಕೊಡುವ ಈ ಹುಡುಗಿ, ಸತ್ತು ಎರಡು ಸಾವಿರ ವರ್ಷವಾದ ಗ್ರೀಕರ ಕ್ರಿಯಾಪದಗಳನ್ನು ಮಾತ್ರ ಸ್ನಾನದ ಮನೆಯಲ್ಲಿ ಗಟ್ಟಿಯಾಗಿ ಒಪ್ಪಿಸುತ್ತಿದ್ದಳು. ಮೇ ತಿಂಗಳ ರಜೆಗೆ ಎಲ್ಲಿಗೆ ಹೋಗೋಣವೆಂದು ಕೇಳಿದರೆ ಸಿಸಿಲಿಯ ದಕ್ಷಿಣ ದಡದ ಸೆಲಿನುಂಟೆ ಎಂದಳು: ಗ್ರೀಕರು ಸಮುದ್ರ ದಾಟಿ ಬಂದು ಕಟ್ಟಿದ ಊರು, ಅಲ್ಲಿ ಬೆಳೆಯುತ್ತಿದ್ದ ಕಾಡು ಸೆಲರಿ ಸೊಪ್ಪಿನ ಹೆಸರನ್ನೇ ಊರಿಗಿಟ್ಟರು, ಯುದ್ಧದಲ್ಲಿ ನಾಶವಾಯಿತು, ಉಳಿದದ್ದನ್ನು ಭೂಕಂಪ ಕೆಡವಿತು. ಸೊಪ್ಪಿನ ಹೆಸರಿನ ಊರು ಎಂದಕೂಡಲೇ ಅತ್ತೆಗೆ ಅದು ಹಿಡಿಸಿತು. ಐಂಡ್‌ಹೋವನ್‌ನಿಂದ ವಿಮಾನ ಹತ್ತಿ ನಾಲ್ವರೂ ಹೊರಟೆವು.

ಸೆಲಿನುಂಟೆಯಲ್ಲಿ ಏಳೆಂಟು ದೇವಸ್ಥಾನಗಳು ಕಲ್ಲುರಾಶಿಯಾಗಿ ಬಿದ್ದಿವೆ. ಒಂದೊಂದು ಕಂಬವೂ ಗಾಲಿಗಾಲಿಯಾಗಿ, ರಾಕ್ಷಸರ ಮನೆಯ ಬೀಸುಕಲ್ಲುಗಳ ಹಾಗೆ, ಬಿದ್ದ ಕ್ರಮದಲ್ಲೇ ಮಲಗಿದೆ. ಒಂದನ್ನು ಮಾತ್ರ ಕಳೆದ ಶತಮಾನದಲ್ಲಿ ಕಲ್ಲಿಗೆ ಕಲ್ಲು ಜೋಡಿಸಿ ಎತ್ತಿ ನಿಲ್ಲಿಸಿದ್ದಾರೆ. ಯಾವುದರಲ್ಲಿ ಯಾವ ದೇವರಿದ್ದನೆಂದು ಖಚಿತವಿಲ್ಲದ್ದರಿಂದ ಪಂಡಿತರು ಅವಕ್ಕೆ ಎ, ಬಿ, ಸಿ ಎಂದು ಅಕ್ಷರಗಳನ್ನು ಕೊಟ್ಟುಬಿಟ್ಟಿದ್ದಾರೆ. ಎತ್ತಿ ನಿಲ್ಲಿಸಿದ್ದು ‘ಇ’. ಅದರ ಮೆಟ್ಟಿಲ ಬಳಿ ಬಂದಾಗ ಅತ್ತೆ ನಿಂತರು. ಹೊಂಬಣ್ಣದ ಕಂಬಗಳನ್ನು ಬುಡದಿಂದ ತುದಿಯವರೆಗೆ ನೋಡಿ, “ಇದು ಯಾವ ದೇವರು, ಮಗಾ?” ಎಂದು ಮೊಮ್ಮಗಳನ್ನು ಕೇಳಿದರು.

“ಮೇಬಿ ಹೇರಾ. ನೋಬಡಿ ನೋಸ್, ಅಜ್ಜಿ. ಒಳಗೆ ದೇವರಿಲ್ಲ ಈಗ.”

“ದೇವರಿಲ್ಲದಿದ್ರೆ ಎಂಥ ಆಯ್ತು? ದೇವಸ್ಥಾನ ಹೌದಲ್ಲ,” ಎಂದವರೇ ಚಪ್ಪಲಿ ಬಿಟ್ಟರು. ಅವನ್ನು ಜೋಡಿಸಿ ಮೆಟ್ಟಿಲ ಪಕ್ಕದಲ್ಲಿಟ್ಟು, ಕೈಮುಗಿದು, ಗುಡಿಯನ್ನು ಬಲಕ್ಕೆ ಹಾಕಿಕೊಂಡು ಹೊರಟೇಬಿಟ್ಟರು. ಒಣಗಿದ ಹುಲ್ಲು, ಮುಳ್ಳುಗಿಡ, ಚೂಪು ಕಲ್ಲು. ಮೇ ತಿಂಗಳ ಬಿಸಿಲು. ವೀಣಾ ಮತ್ತು ಅನಘಾ ಆಗಲೇ ಒಳಗೆ ಹೋಗಿ ಕಂಬಗಳ ನಡುವೆ ಫೋಟೊ ತೆಗೆಯುತ್ತಿದ್ದರು. ನಾನು ಚಪ್ಪಲಿಯ ಪಕ್ಕದಲ್ಲಿ ಕಾವಲಿಗೆಂಬಂತೆ ನಿಂತೆ. ಸಕ್ಕರೆ ಕಾಯಿಲೆಯವರು ಬರಿಗಾಲಲ್ಲಿ ನಡೆಯಬಾರದೆಂಬುದು ನನಗೆ ಗೊತ್ತಿತ್ತು. ಪಾದದಲ್ಲಿ ಸ್ಪರ್ಶ ಕಮ್ಮಿ ಇದೆಯೆಂದೂ ಗೊತ್ತಿತ್ತು. ಕರೆದು ಹೇಳಬಹುದಿತ್ತು. ಆದರೆ ಪೂಜೆಗೆ ಹೊರಟ ಅತ್ತೆಯನ್ನು ಅಳಿಯ ತಡೆಯುವುದುಂಟೆ? ಅವರು ಮೂರು ಸುತ್ತು ಮುಗಿಸಿ ಬಂದಾಗ, “ಚಪ್ಪಲಿ ಭದ್ರವಾಗಿದೆ, ಅತ್ತೆ,” ಎಂದು ನಗೆಯಾಡಿದೆ. ಅವರೂ ನಕ್ಕು, ಮುಖ ಆಚೆ ತಿರುಗಿಸಿ ಚಪ್ಪಲಿ ಮೆಟ್ಟಿಕೊಂಡರು.

ಅಂದು ಸಂಜೆ ನಾವು ಬಾಡಿಗೆಗೆ ಹಿಡಿದಿದ್ದ ಮನೆಯ ಹಿತ್ತಲಲ್ಲಿ ಅತ್ತೆ ನಲ್ಲಿಯ ಕೆಳಗೆ ಬಲಗಾಲಿಟ್ಟು ತೊಳೆಯುತ್ತಿದ್ದರು. ಕಲ್ಲುಹಾಸಿನ ಮೇಲೆ ಹರಿದ ನೀರಿನಲ್ಲಿ ತೆಳುವಾದ ಕೆಂಪು. ನನ್ನನ್ನು ಕಂಡವರೇ ಕಾಲನ್ನು ಸೀರೆಯೊಳಗೆಳೆದುಕೊಂಡರು.

“ಏನಾಯ್ತು ಅತ್ತೆ? ತೋರಿಸಿ.”

“ಎಂಥ ಇಲ್ಲ, ಒಂದು ಮುಳ್ಳು ತಾಗಿದ್ದು. ನೀವು ಎಂಥಕ್ಕೆ ನೋಡುದು? ಬೇಡ ಬೇಡ.” ನಲ್ಲಿ ನಿಲ್ಲಿಸಿ ಹೇಳಿದರು: “ವೀಣನಿಗೆ ಹೇಳ್ಬೇಡಿ. ಅವಳು ಸುಮ್ಮನೆ ಹೆದರ್ತಾಳೆ, ಮಗುವಿನ ರಜೆ ಹಾಳಾಗ್ತದೆ. ನನ್ನ ಹತ್ರ ಮುಲಾಮು ಉಂಟು.”

ಮೂವತ್ತು ವರ್ಷದ ಅನುಭವವಿರುವ ನರ್ಸ್, ಮುಲಾಮು ಇದೆ, ಬೇಡ ಎಂದರು. ನಾನು ತಲೆಯಾಡಿಸಿ ಒಳಗೆ ಬಂದೆ. ಮರುದಿನ ಸಮುದ್ರ ತೀರ. ಅದರ ಮರುದಿನ ಹತ್ತಿರದ ಕಲ್ಲುಗಣಿ. ಸೆಲಿನುಂಟೆಯ ಕಂಬಗಳಿಗಾಗಿ ಕಡೆಯುತ್ತಿದ್ದ ಗಾಲಿಗಳು ಶತ್ರು ಬಂದ ಸುದ್ದಿಗೆ ಕೆಲಸಗಾರರು ಓಡಿಹೋದ ಕಾರಣ ಅರ್ಧ ಬಂಡೆಯೊಳಗೆ, ಅರ್ಧ ಹೊರಗೆ ಹಾಗೆಯೇ ನಿಂತಿವೆ. ಎರಡೂ ದಿನ ಅತ್ತೆ ಎಂದಿನಂತೆ ನಡೆದರು, ನೋವಿನ ಒಂದು ಗೆರೆಯೂ ಮುಖದ ಮೇಲಿರಲಿಲ್ಲ. ಎರಡೂ ದಿನ ನಾನು ಅವರ ಕಾಲಿನತ್ತ ನೋಡಿ ಏನೂ ಕೇಳದೆ ಕಣ್ಣು ಬೇರೆಡೆಗೆ ತಿರುಗಿಸಿದೆ.

ಮೂರನೆಯ ಬೆಳಿಗ್ಗೆ ಅವರಿಗೆ ಚಳಿಜ್ವರ ಬಂತು. ವೀಣಾ ಕಂಬಳಿ ಹೊದಿಸಲು ಹೋದವಳು ಚೀರಿದಳು. ಪಾದ ಊದಿಕೊಂಡು, ಎರಡನೆಯ ಬೆರಳು ನೇರಳೆಯಾಗಿ, ಕೆಂಪು ಹಿಮ್ಮಡಿಯ ಕಡೆಗೆ ಹರಿದಿತ್ತು. ಅನಘಾ ಹತ್ತಿರ ಬಂದು ಕೇಳಿದಳು, “ಅಜ್ಜಿ, ಡಸ್ ಇಟ್ ಹರ್ಟ್?”

“ಇಲ್ಲ ಮಗಾ, ನೋವೇ ಇಲ್ಲ,” ಎಂದರು ಅತ್ತೆ. “ಅದೇ ತೊಂದರೆ.”

ನೆದರ್‌ಲ್ಯಾಂಡಿನಲ್ಲಿ ಕಾಯಿಲೆ ಬಿದ್ದರೆ ಮೊದಲು ಮನೆವೈದ್ಯರಿಗೆ ಫೋನು, ಫೋನಿನಲ್ಲಿ ಪ್ರಶ್ನೆಗಳು, ಬಹುಪಾಲು ಪ್ಯಾರಸಿಟಮಾಲ್, ಅದೃಷ್ಟವಿದ್ದರೆ ಗುರುವಾರ ಹತ್ತೂವರೆಗೆ ಹತ್ತು ನಿಮಿಷದ ಸಮಯ. ನಾವು ಆ ಸಂಪ್ರದಾಯಕ್ಕೆ ಎಷ್ಟು ಒಗ್ಗಿದ್ದೆವೆಂದರೆ ವೀಣಾ ಆ ಗಾಬರಿಯಲ್ಲೂ ಯಾರಿಗೆ ಫೋನು ಮಾಡಿ ಸಮಯ ಕೇಳಬೇಕೆಂದು ಹುಡುಕತೊಡಗಿದಳು. ಮನೆಯ ಮಾಲೀಕಳಾದ ಸಿಸಿಲಿಯ ಹೆಂಗಸು ಅದನ್ನು ನೋಡಿ, ತಲೆ ಚಚ್ಚಿಕೊಂಡು, ಕೈಹಿಡಿದು ಕಾರಿನತ್ತ ತಳ್ಳಿದಳು. ಹತ್ತಿರದ ಬೆಟ್ಟದ ಪಟ್ಟಣದಲ್ಲಿ ಆ ಪ್ರಾಂತ್ಯದ ಸರ್ಕಾರಿ ಆಸ್ಪತ್ರೆ. ಗಾರೆ ಉದುರಿದ ನಾಲ್ಕಂತಸ್ತಿನ ಕಟ್ಟಡ, ಮುಂದೆ ನೀಲಗಿರಿ ಮರಗಳು, ನೆರಳಲ್ಲಿ ಸಿಗರೇಟು ಸೇದುವ ಗಂಡಸರು. ಕಾರಿನಿಂದಿಳಿದ ಅತ್ತೆ ಒಮ್ಮೆ ನೋಡಿ, “ನಮ್ಮ ಆಸ್ಪತ್ರೆಯ ಹಾಗೇ ಉಂಟು,” ಎಂದು ನಿರಾಳವಾದರು. ನನಗೆ ಅದೇ ಕಾರಣಕ್ಕೆ ಭಯವಾಯಿತು.

ತುರ್ತು ಚಿಕಿತ್ಸೆಯ ಕೋಣೆಗೆ ರೋಗಿಯ ಜೊತೆ ಒಬ್ಬರಿಗೆ ಮಾತ್ರ ಪ್ರವೇಶ. ವೀಣಾ ನರ್ಸಿನ ಮಗಳಾದರೂ ರಕ್ತ ಕಂಡರೆ ತಲೆತಿರುಗಿ ಬೀಳುವವಳು, ಬಾಗಿಲಲ್ಲೇ ಬಿಳುಚಿಕೊಂಡಳು. ಹಾಗಾಗಿ ನಾನು ಹೋದೆ. ಕಾರ್ಮೆಲಾ ಎಂಬ, ಕನ್ನಡಕವನ್ನು ದಾರ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದ ನಡುವಯಸ್ಸಿನ ನರ್ಸ್ ನನ್ನ ಕೈಗೆ ಕೈಗವಸು ಕೊಟ್ಟು, ಪಾದವನ್ನು ಎತ್ತಿ ಹಿಡಿಯುವಂತೆ ಸನ್ನೆ ಮಾಡಿದಳು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರು. ಹದಿನಾರು ವರ್ಷದಲ್ಲಿ ಮೊದಲ ಸಲ ನಾನು ಅವರ ಪಾದವನ್ನು ಕಂಡದ್ದು, ಮುಟ್ಟಿದ್ದು. ಅದು ಕೆಂಡದಂತೆ ಸುಡುತ್ತಿತ್ತು. ಬೆರಳಿನ ಅಡಿಯಲ್ಲಿ, ಅವರಿಗೆ ಬಗ್ಗಿ ನೋಡಿದರೂ ಕಾಣದ ಜಾಗದಲ್ಲಿ, ಒಂದಂಗುಲದಷ್ಟು ಸೀಳು. ಅವರು ಮುಲಾಮು ಹಚ್ಚಿದ್ದು ಬೇರೆಯೇ ಕಡೆ. ನೋವಾಗದವರಿಗೆ ಗಾಯ ಎಲ್ಲಿದೆಯೆಂದು ಗೊತ್ತಾಗುವುದಾದರೂ ಹೇಗೆ? ಅಂದು ಸಂಜೆ ನಾನು ಒಮ್ಮೆ ಬಗ್ಗಿ ನೋಡಿದ್ದರೆ ಕಾಣುತ್ತಿತ್ತು.

ಶಸ್ತ್ರವೈದ್ಯ ಚಿಕ್ಕ ವಯಸ್ಸಿನವನು, ತಕ್ಕಮಟ್ಟಿಗೆ ಇಂಗ್ಲಿಷ್ ಬಲ್ಲವನು. ಜೇಬಿನಿಂದ ನೀಲಿ ಪೆನ್ನು ತೆಗೆದು ಪಾದದ ಮೇಲೆ ಕೆಂಪು ಎಲ್ಲಿಗೆ ನಿಂತಿತ್ತೋ ಅಲ್ಲಿ ಸುತ್ತಲೂ ಗೆರೆ ಎಳೆದ. ಔಷಧಿ ರಕ್ತಕ್ಕೆ ಹಾಕುತ್ತೇವೆ, ಕೆಂಪು ಈ ಗೆರೆಯೊಳಗೇ ನಿಂತರೆ ಒಳ್ಳೆಯದು. ದಾಟಿದರೆ ಬೆರಳು ತೆಗೆಯಬೇಕು. ಇನ್ನೂ ಮೇಲಕ್ಕೆ ಹೋದರೆ ಪಾದದ ಮಾತು ಬರುತ್ತದೆ ಎಂದ. ನಾನು ಇದನ್ನು ಮೆತ್ತಗೆ ಮಾಡಿ ಅತ್ತೆಗೆ ಹೇಳತೊಡಗಿದೆ. ಅವರು ಸೆರಗಿನೊಳಗಿಂದಲೇ, “ಗೆರೆ ಯಾಕೆ ಹಾಕಿದ್ದು ಅಂತ ನಂಗೆ ಗೊತ್ತುಂಟು,” ಎಂದರು.

ಹೊರಗೆ ಬೆಂಚಿನ ಮೇಲೆ ಕುಳಿತಿದ್ದ ವೀಣಾಳಿಗೆ ನಾನು ಎಲ್ಲವನ್ನೂ ಹೇಳಿದೆ. ನಲ್ಲಿಯ ಕೆಳಗಿನ ಕೆಂಪು ನೀರನ್ನೂ ಹೇಳಿದೆ.

“ಎರಡು ದಿನದಿಂದ ನಿಮ್ಗೆ ಗೊತ್ತಿತ್ತಾ?”

“ಅವರು ಹೇಳಬೇಡ ಅಂದ್ರು.”

“ಅಮ್ಮ ನಾಲ್ಕು ದೋಸೆ ತಿನ್ನಿ ಅಂತಾರೆ, ತಿಂತೀರಿ. ಹೇಳ್ಬೇಡಿ ಅಂತಾರೆ, ಹೇಳುದಿಲ್ಲ. ನಿಮ್ಮ ಮರ್ಯಾದೆಗೆ ಅಮ್ಮನ ಕಾಲು ಬೇಕಾಯ್ತಾ?” ಎಂದವಳೇ ಎದ್ದು ನೀಲಗಿರಿ ಮರದ ಕೆಳಗೆ ಹೋಗಿ ನಿಂತಳು. ಅವಳು ಹೇಳಿದ್ದರಲ್ಲಿ ತಿದ್ದುವಂಥದು ಏನೂ ಇರಲಿಲ್ಲ.

ಮರುದಿನ ಬೆಳಿಗ್ಗೆ ಕೆಂಪು ಒಂದು ಕಡೆ ಮಾತ್ರ, ಅರ್ಧ ಬೆರಳಿನಗಲದಷ್ಟು, ಗೆರೆಯನ್ನು ದಾಟಿತ್ತು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲು ಅತ್ತೆ ವೈದ್ಯನಿಗೆ ಆರು ಪ್ರಶ್ನೆ ಕೇಳಿದರು, ನಾನು ಅನುವಾದಿಸಿದೆ. ನಾಲ್ಕನೆಯ ಪ್ರಶ್ನೆಗೆ ಅವನು ಪೆನ್ನು ಕೆಳಗಿಟ್ಟು ಇವರು ಯಾರು ಎಂದು ವಿಚಾರಿಸಿದ. ನರ್ಸ್ ಎಂದೆ. ಕಾರ್ಮೆಲಾ ಕನ್ನಡಕ ಏರಿಸಿ ಅತ್ತೆಯನ್ನು ಹೊಸದಾಗಿ ನೋಡಿ, ‘ಕೊಲ್ಲೇಗಾ’ ಎಂದಳು. ನಮ್ಮವಳು, ಸಹೋದ್ಯೋಗಿ ಎಂಬರ್ಥದ ಆ ಒಂದು ಮಾತಿಗೆ ಅತ್ತೆ ಹಾಸಿಗೆಯಲ್ಲೇ ಬೆನ್ನು ನೆಟ್ಟಗೆ ಮಾಡಿ ಕುಳಿತರು. ಮಧ್ಯಾಹ್ನ ಬಲಗಾಲಿನ ಎರಡನೆಯ ಬೆರಳನ್ನು ತೆಗೆದರು. ಪಾದ ಉಳಿಯಿತು.

ರಜೆ ಮುಗಿದಿತ್ತು. ನೆದರ್‌ಲ್ಯಾಂಡಿನಲ್ಲಿ ರಜೆಯ ಮೇಲೆ ಒಂದು ದಿನ ಹೆಚ್ಚು ಶಾಲೆ ತಪ್ಪಿಸಿದರೂ ತಂದೆತಾಯಿಗೆ ವಿಚಾರಣೆ. ಅನಘಾಳೊಂದಿಗೆ ಒಬ್ಬರು ಹಿಂದಿರುಗಲೇಬೇಕಿತ್ತು. ಮಗಳಾದವಳು ತಾಯಿಯ ಬಳಿ ಉಳಿಯುವುದು ನ್ಯಾಯವೆಂದು ನಾನು ಹೇಳುವಷ್ಟರಲ್ಲಿ ವೀಣಾ, “ನಾನು ಆ ಗಾಯ ನೋಡ್ಲಿಕ್ಕೆ ಸಾಧ್ಯ ಇಲ್ಲ. ನೀವು ಬಚ್ಚಿಟ್ಟದ್ದು, ನೀವೇ ನೋಡಿಕೊಳ್ಳಿ,” ಎಂದು ಪೆಟ್ಟಿಗೆ ಕಟ್ಟಿದಳು. ಹೊರಡುವಾಗ ಅಮ್ಮನನ್ನು ಅಪ್ಪಿಕೊಂಡು ಅತ್ತಳು, ನನ್ನ ಮುಖ ನೋಡಲಿಲ್ಲ.

ಹೀಗೆ ನಾನೂ ಅತ್ತೆಯೂ ಒಂದು ವಾರ ಆ ಆಸ್ಪತ್ರೆಯ ಎರಡು ಹಾಸಿಗೆಯ ಕೋಣೆಯಲ್ಲಿ ಪರಸ್ಪರರ ವಶವಾದೆವು. ಅಲ್ಲಿ ಕುಡಿಯುವ ನೀರು, ಚಮಚ, ಟವೆಲು ರೋಗಿಯ ಮನೆಯವರೇ ತರಬೇಕು. ಮನೆಯವರು ಪಕ್ಕದಲ್ಲಿ ಕುಳಿತು ಉಣ್ಣಿಸಬೇಕೆಂಬುದು ಕಾನೂನಿಗಿಂತ ಗಟ್ಟಿಯಾದ ರೂಢಿ. ಪಕ್ಕದ ಹಾಸಿಗೆಯ ಮುದುಕಿಗೆ ನಾಲ್ವರು ಹೆಣ್ಣುಮಕ್ಕಳು ಸರದಿಯ ಮೇಲೆ ಬರುತ್ತಿದ್ದರು. ಕುರ್ಚಿಯ ತುದಿಯಲ್ಲಿ ಕೈಕಟ್ಟಿ ಕುಳಿತ ನನ್ನನ್ನು ನೋಡಿ ಅವರಿಗೆ ಕನಿಕರ. ಅತ್ತೆ ಸಸ್ಯಾಹಾರಿಯೆಂದು ತಿಳಿದ ಕಾರ್ಮೆಲಾ ದಿನವೂ ಬೆಳ್ಳಗೆ ಬೇಯಿಸಿದ ಅನ್ನ ತರಿಸಿಕೊಡುತ್ತಿದ್ದಳು. ಅತ್ತೆ ಊರಿಂದ ತಂದು ದಿಂಬಿನ ಕೆಳಗಿಟ್ಟಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಶೀಷೆ ತೆಗೆಯುವರು, ಮೂರನೆಯ ದಿನ ಕಾರ್ಮೆಲಾಳೂ ಒಂದು ಮಿಡಿ ತಿಂದು ಕಣ್ಣೀರಿಟ್ಟಳು. ಹಾಸಿಗೆಯ ಹೊದಿಕೆಯನ್ನು ಮೂಲೆಯಲ್ಲಿ ಮಡಿಸುವ ರೀತಿ ಇಬ್ಬರದೂ ಒಂದೇ ಎಂದು ಅತ್ತೆ ಬೆರಗಾದರು.

ಗಾಯಕ್ಕೆ ದಿನವೂ ಪಟ್ಟಿ ಬದಲಿಸಬೇಕು. ಊರಿಗೆ ಹೋದ ಮೇಲೂ ಮಾಡಬೇಕಾದ್ದರಿಂದ ನಾನು ಕಲಿಯಬೇಕೆಂದು ಕಾರ್ಮೆಲಾ ಹಟ ಹಿಡಿದಳು. ಮೊದಲ ದಿನ ನಾನು ಅಂಚಿನಿಂದ ಗಾಯದ ಕಡೆಗೆ ಒರೆಸಿದೆ. ಅವಳು ಇಟಾಲಿಯನ್ನಿನಲ್ಲಿ ಗದರಿದಳು, ಅದೇ ಕ್ಷಣ ಅತ್ತೆ, “ಒಳಗಿಂದ ಹೊರಗೆ ಒರೆಸ್ಬೇಕು! ಹೊರಗಿನ ಕೊಳೆಯನ್ನು ಒಳಗೆ ತರುದಾ?” ಎಂದರು. ಇಬ್ಬರೂ ಹೇಳಿದ್ದು ಒಂದನ್ನೇ ಎಂದು ಆಮೇಲೆ ತಿಳಿಯಿತು. ಹದಿನಾರು ವರ್ಷದಲ್ಲಿ ಅತ್ತೆ ನನ್ನನ್ನು ಬೈದದ್ದು ಅದೇ ಮೊದಲು, ನನಗೆ ಎಂಥದೋ ಸಮಾಧಾನವಾಯಿತು.

ಮಧ್ಯಾಹ್ನ ಆಸ್ಪತ್ರೆಯವರು ರೋಗಿಗಳ ಮನೆಯವರನ್ನು ಹೊರಗೆ ಕಳಿಸುವ ಎರಡು ಗಂಟೆ ನಾನು ಕಾರು ಹತ್ತಿ ಸೆಲಿನುಂಟೆಗೆ ಹೋಗಿಬಿಡುತ್ತಿದ್ದೆ. ‘ಇ’ ದೇವಸ್ಥಾನದ ಮೆಟ್ಟಿಲ ಮೇಲೆ, ಚಪ್ಪಲಿ ಕಾದ ಜಾಗದಲ್ಲೇ ಕುಳಿತುಕೊಳ್ಳುವೆ. ಅಲ್ಲಿ ಕುಳಿತರೆ ಒಂದು ಕಡೆ ಎತ್ತಿ ನಿಲ್ಲಿಸಿದ ಗುಡಿ, ಇನ್ನೊಂದು ಕಡೆ ಬಿದ್ದಂತೆಯೇ ಬಿಟ್ಟ ರಾಶಿ. ಬಿದ್ದದ್ದನ್ನು ಎತ್ತುವುದು ಸರಿಯೋ, ಬಿದ್ದ ಹಾಗೆ ಬಿಡುವುದೇ ಸತ್ಯವೋ ಎಂದು ಪಂಡಿತರಲ್ಲಿ ಇಂದಿಗೂ ತಕರಾರಿದೆಯಂತೆ. ಎಲ್ಲವನ್ನೂ ಕೆಡವಿದ್ದು ಭೂಕಂಪ ಎನ್ನುತ್ತಾರೆ. ಸರಿ, ಆದರೆ ಅದಕ್ಕೆ ಮುಂಚೆ ಎಷ್ಟೋ ಕಾಲ ಯಾವುದೋ ಗಾಲಿಯ ಅಡಿಯಲ್ಲಿ ಒಂದು ಸಣ್ಣ ಬಿರುಕು ಬಿಟ್ಟಿರಲೇಬೇಕು, ಊರವರು ಅದನ್ನು ಕಂಡೂ ಇರಬೇಕು, ದೇವರ ಮನೆಯ ಕುಂದನ್ನು ಆಡುವುದು ಹೇಗೆಂದು ಸುಮ್ಮನಾಗಿರಬೇಕು ಎಂದು ನನಗನ್ನಿಸುತ್ತಿತ್ತು. ಇದಕ್ಕೆ ಆಧಾರವೇನೂ ಇಲ್ಲ. ತಪ್ಪು ಮಾಡಿದವನಿಗೆ ಕಲ್ಲೂ ತನ್ನ ಕಥೆಯನ್ನೇ ಹೇಳುತ್ತದೆ. ಗೌರವಿಸುವವರನ್ನು ನಾವು ಹತ್ತಿರದಿಂದ ನೋಡುವುದಿಲ್ಲ. ಕಾಲಿಗೆ ಬೀಳುತ್ತೇವೆ, ಆದರೆ ಕಾಲನ್ನು ನೋಡುವುದಿಲ್ಲ.

ಆಸ್ಪತ್ರೆಯಲ್ಲಿ ಕಡೆಯ ದಿನ ಪಟ್ಟಿ ಬದಲಿಸುತ್ತ ನಾನು ಹೇಳಿದೆ, “ತಪ್ಪು ನಂದು, ಅತ್ತೆ. ಅವತ್ತೇ ವೀಣಾಗೆ ಹೇಳಬೇಕಿತ್ತು.”

“ಹೌದು, ಹೇಳ್ಬೇಕಿತ್ತು,” ಎಂದರು.

ಹಾಗೇನಿಲ್ಲ ಎಂದಾರು, ಬಿಡಿ ಎಂದಾರು ಎಂದು ಕಾದಿದ್ದ ನಾನು ತಲೆ ತಗ್ಗಿಸಿದೆ. ಅವರು ಕಿಟಕಿಯಾಚೆ ನೋಡುತ್ತ ಮುಂದುವರಿಸಿದರು: “ಮೂವತ್ತು ವರ್ಷ ನಾನು ಇಂಥ ಕಾಲು ಎಷ್ಟು ನೋಡಿಲ್ಲ! ಬರುವವರೆಲ್ಲ ಹೇಳುದು ಒಂದೇ. ನೋವಿರ್ಲಿಲ್ಲ ಸಿಸ್ಟರ್, ತೋರಿಸ್ಲಿಕ್ಕೆ ನಾಚಿಕೆ ಆಯ್ತು. ನಾಚಿಕೆಗೆ ಕಾಲು ಕಳ್ಕೊಳ್ತೀರಾ ಅಂತ ಬೈದು ಕಳಿಸ್ತಿದ್ದೆ. ಮನೆಯೊಳಗೂ ಚಪ್ಪಲಿ ಹಾಕಿ ಅಂತ ಬೋರ್ಡು ಬರೆಸಿದ್ದೇ ನಾನು.” ನನ್ನತ್ತ ತಿರುಗಿದರು. “ನಾನೂ ತೋರಿಸ್ಬೇಕಿತ್ತು. ಇಬ್ರೂ ಮರ್ಯಾದೆ ನೋಡ್ಕೊಂಡು ಕೂತ್ಕೊಂಡೆವು, ಮಾರಾಯ್ರೆ.”

ಮಾರಾಯ್ರೆ ಎಂಬುದು ಅವರು ತರಕಾರಿಯವನಿಗೆ, ಶಾರದಕ್ಕನಿಗೆ, ಪಕ್ಕದ ಮನೆಯವರಿಗೆ, ಲೋಕದಲ್ಲಿ ಸಲಿಗೆಯಿರುವ ಎಲ್ಲರಿಗೂ ಅನ್ನುವ ಮಾತು. ನನಗೆ ಅಂದಿರಲಿಲ್ಲ.

ವೂರ್‌ಬರ್ಗ್‌ಗೆ ಬಂದು ಇನ್ನೂ ಒಂದು ತಿಂಗಳು ಅತ್ತೆ ನಮ್ಮಲ್ಲಿದ್ದರು. ಎರಡನೆಯ ಬೆರಳಿಲ್ಲದ ಪಾದದಲ್ಲಿ ಆ ಕಂದು ಚಪ್ಪಲಿ ನಿಲ್ಲುವುದಿಲ್ಲ, ಪಟ್ಟಿ ಜಾರಿಹೋಗುತ್ತದೆ. ಮುಚ್ಚಿದ ಮೆತ್ತನೆಯ ಶೂ ಹಾಕಿಕೊಂಡು ಊರಿಗೆ ಹೊರಟರು. ಇದನ್ನೇನು ಮಾಡಲಿ ಎಂದರೆ, “ಬಿಸಾಡಿ,” ಎಂದರು. ನಾನು ಬಿಸಾಡಲಿಲ್ಲ. ಇನ್ನು ಮೇಲೆ ಬರಿಗಾಲು ಕೂಡದೆಂದು ವೈದ್ಯರ ಆಜ್ಞೆ; ಹುಟ್ಟಿದಾರಭ್ಯ ಬರಿಗಾಲಲ್ಲಿ ಸುತ್ತು ಬಂದ ದೇವಸ್ಥಾನಕ್ಕೆ ಈಗ ಅವರು ರಸ್ತೆಯ ಆಚೆಗೆ ನಿಂತು ಕೈಮುಗಿಯುತ್ತಾರೆ. ಅರ್ಚಕರು ಶೂ ಹಾಕಿಯೇ ಬನ್ನಿ ಎಂದರಂತೆ, ಇವರು ಒಪ್ಪಲಿಲ್ಲವಂತೆ.

ಅಂಗಾಲನ್ನು ಮಾತ್ರ ದಿನವೂ ಬೇರೊಬ್ಬರು ನೋಡಲೇಬೇಕು. ಶಾರದಕ್ಕನ ಕಣ್ಣು ಮಂಜು. ವೀಣಾಳಿಗೆ ತಲೆ ತಿರುಗುತ್ತದೆ. ಆದ್ದರಿಂದ ಬೆಳಿಗ್ಗೆ ಏಳೂವರೆಗೆ, ಕಚೇರಿಗೆ ಹೊರಟು ನಾನು ಆ ಕಡಿದಾದ ಮೆಟ್ಟಿಲ ಎರಡನೆಯ ಹಂತದ ಮೇಲೆ ಕುಳಿತು ಶೂ ಲೇಸು ಕಟ್ಟುವ ಹೊತ್ತಿಗೆ, ಉಡುಪಿಯಿಂದ ವಿಡಿಯೊ ಕರೆ ಬರುತ್ತದೆ. ಫೋನು ಹಿಡಿಯುವವರು ಶಾರದಕ್ಕ. ಮೊದಲು ಫ್ಯಾನು, ಆಮೇಲೆ ಕ್ಯಾಲೆಂಡರು, ಕಡೆಗೆ ಪರದೆಯ ತುಂಬ ಅತ್ತೆಯ ಪಾದ. ಹಿಮ್ಮಡಿ, ಅಂಗಾಲಿನ ಹಳ್ಳ, ನಾಲ್ಕು ಬೆರಳು, ಒಂದು ಖಾಲಿ ಜಾಗ. ಚಪ್ಪಲಿಗೂಡಿನ ಕೆಳಗಿನ ಹಲಗೆಯಿಂದ ಅವರ ಚಪ್ಪಲಿಯೂ ಅದನ್ನು ನೋಡುತ್ತಿರುತ್ತದೆ.

ಇವತ್ತು ಬೆಳಿಗ್ಗೆಯೂ ನೋಡಿದೆ. ಟ್ರಾಮಿಗೆ ಹೊತ್ತಾಗಿತ್ತು, ಬೇಗ ಬೇಗ ಕಣ್ಣಾಡಿಸಿ, “ಹೊಸದೇನೂ ಇಲ್ಲ, ಅತ್ತೆ,” ಎಂದೆ.

ಪಾದ ಅಲುಗಲಿಲ್ಲ. ಅದರ ಹಿಂದಿನಿಂದ ದನಿ ಬಂತು: “ಸರೀ ನೋಡಿದ್ರಾ? ದಾಕ್ಷಿಣ್ಯಕ್ಕೆ ಹೇಳ್ಬೇಡಿ, ಮಾರಾಯ್ರೆ.”

ಕಟ್ಟುತ್ತಿದ್ದ ಲೇಸನ್ನು ಬಿಟ್ಟು ಕನ್ನಡಕ ಹಾಕಿಕೊಂಡೆ. ಶಾರದಕ್ಕನಿಗೆ ಫೋನನ್ನು ಇನ್ನಷ್ಟು ಹತ್ತಿರ ಹಿಡಿಯಲು ಹೇಳಿ, ಹಿಮ್ಮಡಿಯಿಂದ ಶುರುಮಾಡಿ, ಬೆರಳುಗಳ ಸಂದುಗಳವರೆಗೆ ಒಂದೊಂದಾಗಿ ಮತ್ತೊಮ್ಮೆ ನೋಡಿದೆ. ಟ್ರಾಮು ಹೋಯಿತು.

“ಹೊಸದೇನೂ ಇಲ್ಲ, ಅತ್ತೆ.”